ಗುಡ್ಡ ಹತ್ತಿದವರ ಟವೆಲ್ಲು

ಜಾಲಿಗಿಡ ಎಂಬ ಸ್ಟಾಪು ನಮ್ಮ ಯಾವ ದರಪಟ್ಟಿಯಲ್ಲೂ ಇಲ್ಲ. ಪಟ್ಟದಕಲ್ಲು ದಾಟಿ ಬಾದಾಮಿಯ ಕಡೆಗೆ ಹೊರಟರೆ ಕೆಂಪು ಗುಡ್ಡ ರಸ್ತೆಯ ಹತ್ತಿರಕ್ಕೆ ಸರಿದು ಬರುವ ಒಂದು ಜಾಗವಿದೆ. ಅಲ್ಲೊಂದು ಜಾಲಿಗಿಡ, ಅದರ ಬುಡದಲ್ಲಿ ಕೂರಲು ಬರುವಂಥ ಒಂದು ಕಲ್ಲು, ಅಷ್ಟೆ. ಊರಿಲ್ಲ, ಅಂಗಡಿಯಿಲ್ಲ, ನೆರಳೂ ಹೇಳಿಕೊಳ್ಳುವಂಥದ್ದಲ್ಲ. ಆದರೂ ಇಳಕಲ್ಲಿನಿಂದ ಹುನಗುಂದ, ಅಮೀನಗಡ, ಐಹೊಳೆಯ ಮೇಲೆ ಬಾದಾಮಿಗೆ ಹೋಗಿಬರುವ ಬಸ್ಸಿನಲ್ಲಿ ಕಂಡಕ್ಟರಾಗಿ ಕಳೆದ ವರ್ಷಗಳನ್ನು ನೆನೆದರೆ ನನಗೆ ಮೊದಲು ಕಣ್ಣಿಗೆ ಕಟ್ಟುವುದು ಆ ಗಿಡವೇ.

ನಾನು ನಿವೃತ್ತಳಾಗುವ ವಾರ ನನ್ನ ರೂಟು ಸಿಕ್ಕಿದ್ದು ರೇಣುಕಾ ಎಂಬ ಹೊಸ ಹುಡುಗಿಗೆ. ಚುರುಕಿನವಳು. 'ಅಕ್ಕಾರ, ಈ ರೂಟಿನಾಗ ಏನೇನು ನೆಪ್ಪಿಡಬೇಕ್ರಿ?' ಎಂದು ಕೇಳಿದಳು. ನಿಂತ ನಿಲುವಿನಲ್ಲಿ ಒಂದಿಷ್ಟು ಹೇಳಿದೆ. ಅವಳು ಟಿಕೆಟ್ ಮಷೀನಿನ ಗುಂಡಿ ಒತ್ತುತ್ತಲೇ ಹೂಂ, ಹೂಂ ಎಂದಳು. ಎಲ್ಲಾ ಬಿಟ್ಟರೂ ಅಡ್ಡಿಯಿಲ್ಲ, ಗುಡ್ಡ ಹತ್ತುವವರ ಟವೆಲ್ಲಿನ ವಿಷಯವೊಂದು ಅವಳ ತಲೆಗೆ ಹೋಯಿತೋ ಇಲ್ಲವೋ ಎಂಬ ಚಿಂತೆ ಹೊತ್ತುಕೊಂಡು ಮನೆಗೆ ಬಂದೆ. ನಾನು ಇಳಿದ ಮೇಲೆ ಬಸ್ಸು ಆ ಗಿಡದ ಹತ್ತಿರ ನಿಲ್ಲುತ್ತದೋ ಇಲ್ಲವೋ? ಆ ಚಿಂತೆಯೇ ಇದನ್ನು ಬರೆಸುತ್ತಿದೆ. ಬಡ್ತಿಯ ಕಥೆ ಇದರಲ್ಲಿ ಹುಡುಕಬೇಡಿ. ಕಂಡಕ್ಟರಾಗಿ ಸೇರಿ ಕಂಡಕ್ಟರಾಗಿಯೇ ಇಳಿದವಳು ನಾನು. ನಡುವೆ ಏರಿದ್ದೆಂದರೆ ಬಸ್ಸಿನ ಮೆಟ್ಟಿಲು ಮಾತ್ರ.

ನಮ್ಮದು ಹುನಗುಂದದ ಹತ್ತಿರದ ಹಳ್ಳಿ. ಮನೆದೇವರು ಬೀರಪ್ಪ, ಮನೆತನದ ಕೆಲಸ ಕುರಿ. ಲಂಗ ತೊಡುವ ವಯಸ್ಸಿನಲ್ಲೇ ಅಪ್ಪನ ಹಿಂದೆ ಗುಡ್ಡ ಹತ್ತಿ ಇಳಿದು ನನ್ನ ಕಾಲಿಗೆ ಸಾಕೋ ಸಾಕಾಗಿತ್ತು. ಮೇಲೆ ಬಂಡೆಯ ಮೇಲೆ ಕೂತು, ಕೆಳಗೆ ಧೂಳೆಬ್ಬಿಸಿಕೊಂಡು ಹೋಗುವ ಬಸ್ಸು ನೋಡಿ, ಅದರಲ್ಲಿ ಕೂತವರು ಎಂಥ ಪುಣ್ಯವಂತರು ಎಂದುಕೊಳ್ಳುತ್ತಿದ್ದೆ. ಹೆಣ್ಣುಮಕ್ಕಳನ್ನೂ ಕಂಡಕ್ಟರ್ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ ಎಂದು ಗೊತ್ತಾದಾಗ ಬೇರೆಯವರು ಸರ್ಕಾರಿ ನೌಕರಿ ಎಂದು ಅರ್ಜಿ ಹಾಕಿದರು. ನಾನು ಗುಡ್ಡ ತಪ್ಪುತ್ತದೆ ಎಂದು ಹಾಕಿದೆ.

ಕೆಲಸ ಹೇಗಿತ್ತು ಎಂದು ಕೇಳುವ ಹುಡುಗಿಯರಿಗೆ ನಾನು ಮೊದಲು ಹೇಳುವುದು ನೀರಿನ ವಿಷಯ. ಹೆಣ್ಣು ಕಂಡಕ್ಟರುಗಳು ಬಾಯಿ ಒಣಗಿದರೂ ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಮುಂದಿನ ಕಷ್ಟ ಯಾರಿಗೆ ಹೇಳುವುದು? ಮೊದಲ ಬೇಸಿಗೆಯಲ್ಲೇ ಉರಿಮೂತ್ರ ಹತ್ತಿ ಜ್ವರ ಬಂತು. ಆಗ ದಿನಾ ನಮ್ಮ ಬಸ್ಸಿಗೆ ಬರುತ್ತಿದ್ದ ಗಂಗವ್ವ ನನ್ನನ್ನು ಕೈಹಿಡಿದು ಇಳಿಸಿ, ಬಾದಾಮಿ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ತನಗೆ ಪರಿಚಯದ ಮನೆಯೊಂದಕ್ಕೆ ಕರೆದುಕೊಂಡು ಹೋದಳು. 'ಈಕಿ ನಮ್ಮ ಬಸ್ಸಿನಾಕಿ. ದಿನಾ ಬರ್ತಾಳ, ಕದಾ ತಗೀರಿ' ಎಂದಳು. ಆ ಮನೆಯವರು ನಾನು ನಿವೃತ್ತಳಾಗುವವರೆಗೂ ಒಂದು ದಿನ ಮುಖ ಸಿಂಡರಿಸಲಿಲ್ಲ. ಅವರನ್ನು ನೆನೆಯದೆ ನಾನು ಇವತ್ತಿಗೂ ಒಂದು ಲೋಟ ನೀರು ಕುಡಿಯುವುದಿಲ್ಲ.

ಗಂಗವ್ವ ಎಂದರೆ ಪಟ್ಟದಕಲ್ಲಿನ ಮೊಸರಿನ ಮುದುಕಿ. ಬೆಳಿಗ್ಗೆ ತುಂಬಿದ ಗಡಿಗೆಗಳ ಜೊತೆ ನಮ್ಮ ಬಸ್ಸು ಹತ್ತಿ ಬಾದಾಮಿಗೆ ಹೋಗುವಳು. ಗುಹೆ ನೋಡಲು ಬಂದವರಿಗೆ ರೊಟ್ಟಿ, ಮೊಸರು ಮಾರಿ, ಸಂಜೆ ಖಾಲಿ ಗಡಿಗೆಗಳ ಜೊತೆ ನಮ್ಮ ಬಸ್ಸಿಗೇ ತಿರುಗಿ ಬರುವಳು. ಬಸ್ಸು ಸರ್ಕಾರದ್ದು ಎಂದು ನಾವು ತಿಳಿದಿದ್ದೆವು. ಅವಳು ಹಾಗೆ ತಿಳಿದಿರಲಿಲ್ಲ.

ಡ್ರೈವರ್ ಮಹಾಂತಣ್ಣ ಇಳಕಲ್ಲಿನವನು. ಹಣೆ ತುಂಬ ವಿಭೂತಿ, ಬಾಯಿ ತುಂಬ ಮೌನ. ಕುರಿಹಿಂಡು ಅಡ್ಡ ಬಂದರೆ ಹಾರ್ನ್ ಒತ್ತದೆ ಎಂಜಿನ್ ನಿಲ್ಲಿಸಿ ಕಾಯುತ್ತಿದ್ದ. 'ಕುರಿಗೆ ಅವಸರ ತಿಳೀತೈತೇನು?' ಎನ್ನುವನು. ಕುರಿಯವರ ಮಗಳಾದ ನನಗೆ ಅವನ ಮೇಲೆ ಗೌರವ ಹುಟ್ಟಲು ಅದೊಂದೇ ಸಾಕಾಯಿತು.

ಒಂದು ಭಾನುವಾರ ಇಳಕಲ್ಲಿನಲ್ಲಿ ಬೂಟು ಹಾಕಿಕೊಂಡು, ಬೆನ್ನಿಗೆ ಚೀಲ ಏರಿಸಿಕೊಂಡು ಒಬ್ಬ ಹೆಣ್ಣುಮಗಳು ಹತ್ತಿದಳು. ಅಲ್ಲಿಯ ದವಾಖಾನೆಯೊಂದರಲ್ಲಿ ನರ್ಸ್, ಹೆಸರು ಶೈಲಾ. ಪಟ್ಟದಕಲ್ಲಿನಲ್ಲಿ ಗಂಗವ್ವ ಹತ್ತಿ ಬಸ್ಸು ಹೊರಟ ಮೇಲೆ, ಮುಂದೆ ಗುಡ್ಡದ ಹತ್ತಿರ ಇಳಿಸಿ ಎಂದಳು.

'ಅಲ್ಲಿ ಏನೈತಿ?' ಎಂದೆ.

'ಗುಡ್ಡ ಐತ್ರಿ.'

'ಗುಡ್ಡ ಎಲ್ಲೂ ಓಡಿ ಹೋಗಂಗಿಲ್ಲವಾ. ಅಲ್ಲಿ ಸ್ಟಾಪಿಲ್ಲ.'

'ಮಹಾಕೂಟದ ಕಡಿಂದ ಎಲ್ಲಾರೂ ಹತ್ತತಾರ್ರಿ. ನಾ ಈ ಕಡಿಂದ ಹತ್ತಿ, ಸಂಜಿಗೆ ನಿಮ್ಮ ಬಸ್ಸಿಗೇ ತಿರಗಿ ಹೋಗ್ತೇನಿ.'

ಎದುರು ಸೀಟಿನ ಗಂಗವ್ವನಿಗೆ ಇದು ತಡೆಯಲಿಲ್ಲ. 'ಏನರ ಕಳಕೊಂಡಿಯೇನವಾ ಗುಡ್ಡದಾಗ?' ಎಂದು ಕೇಳಿದಳು.

'ಇಲ್ಲ ಆಯಿ. ಸುಮ್ನ ಹತ್ತತೇನಿ, ಸುಮ್ನ ಇಳೀತೇನಿ.'

ಗಂಗವ್ವ ಇಡೀ ಬಸ್ಸಿನ ಕಡೆ ತಿರುಗಿ, 'ಸುಮ್ನ ಹತ್ತತಾಳಂತ' ಎಂದು ಸುದ್ದಿ ಮುಟ್ಟಿಸಿದಳು. ಜನ ನಕ್ಕರು. ನಾನೂ ನಕ್ಕೆ. ದುಡ್ಡು ಕೊಟ್ಟು ಟಿಕೆಟ್ ತೆಗೆಸಿ ಗುಡ್ಡ ಹತ್ತುವವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಮಹಾಂತಣ್ಣ ಮಾತ್ರ ನಗದೆ ಜಾಲಿಗಿಡದ ಹತ್ತಿರ ಬ್ರೇಕು ಹಾಕಿದ.

ಅವತ್ತು ಆಕೆ ಇಳಿಯುವ ಗಡಿಬಿಡಿಯಲ್ಲಿ ಸೀಟಿನ ಮೇಲೆ ತನ್ನ ಕೆಂಪಂಚಿನ ಟವೆಲ್ಲು ಬಿಟ್ಟು ಹೋಗಿದ್ದಳು. ನನಗದು ಗೊತ್ತಾಗಲಿಲ್ಲ. ಸಂಜೆ ಬಾದಾಮಿಯಲ್ಲಿ ಬಸ್ಸು ಕಿಕ್ಕಿರಿದು ತುಂಬಿತು. ಬಾಗಿಲಲ್ಲಿ ಜನ ಜೋತುಬಿದ್ದಿದ್ದರೂ ಆ ಒಂದು ಸೀಟು ಮಾತ್ರ ಖಾಲಿ. ಕೂಸು ಎತ್ತಿಕೊಂಡವಳಿಗೆ ಕೂರು ಎಂದರೆ 'ಯಾರದೋ ಟವೆಲ್ ಐತ್ರಿ' ಎಂದಳು.

ಹೊಸಬರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆ ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿದರೆ ಆಯಿತು, ಆ ಸೀಟು ಅವನದು. ಟವೆಲ್ಲಿನ ಯಜಮಾನ ಚಹಾ ಕುಡಿದು ಎಲೆಅಡಿಕೆ ಹಾಕಿಕೊಂಡು ಬರುವವರೆಗೆ ಬಲಿಷ್ಠನಾದವನೂ ಪಕ್ಕದಲ್ಲಿ ನಿಂತೇ ಇರುತ್ತಾನೆ. ಒಂದೇ ಸೀಟಿಗೆ ಎರಡು ಟವೆಲ್ಲು ಬಿದ್ದು ಜಗಳವಾದರೆ ಕೆಳಗಿದ್ದದ್ದು ಯಾರದು ಎಂದು ನೋಡಿ, ಕಂಡಕ್ಟರ್ ಹೇಳಿದ ಮಾತಿಗೆ ಎದುರಿಲ್ಲ. ನಮ್ಮ ಸಂಸ್ಥೆಯ ಯಾವ ನಿಯಮವನ್ನೂ ಜನ ಇಷ್ಟು ಪ್ರಾಮಾಣಿಕವಾಗಿ ಪಾಲಿಸಿದ್ದನ್ನು ನಾನು ನೋಡಿಲ್ಲ.

ಜಾಲಿಗಿಡ ಹತ್ತಿರವಾಗುತ್ತಿತ್ತು. ಟಿಕೆಟ್ ಹರಿಯುವ ಗದ್ದಲದಲ್ಲಿ ನನಗೆ ನರ್ಸಮ್ಮನ ನೆನಪೇ ಇರಲಿಲ್ಲ. ಗಂಗವ್ವ ಖಾಲಿ ಸೀಟನ್ನೇ ನೋಡುತ್ತಿದ್ದವಳು ಒಮ್ಮೆಲೇ ಗಡಿಗೆಯ ಮೇಲೆ ಬಡಿದು, 'ಮಹಾಂತಾ, ನಿಲ್ಲಸೋ. ಟವೆಲಿನಾಕಿ ಗುಡ್ಡದಾಗ ಅದಾಳ' ಎಂದಳು. ನಿಲ್ಲಿಸಿ ನೋಡಿದರೆ ಶೈಲಾ ಮೇಲಿನಿಂದ ಎರಡೂ ಕೈ ಬೀಸುತ್ತ ಓಡಿ ಬರುತ್ತಿದ್ದಳು. ಅದು ಆ ದಾರಿಯ ಕೊನೆಯ ಬಸ್ಸು. ಹತ್ತಿದವಳು ತನ್ನ ಟವೆಲ್ಲು ಕಂಡು ಬೆರಗಾದಳು.

'ಇದು ಇಲ್ಲೇ ಇತ್ತೇನ್ರಿ?'

'ಮತ್ತೆಲ್ಲಿ ಹೋಗ್ತೈತಿ?' ಎಂದಳು ಗಂಗವ್ವ. 'ತಿರಗಾಕ ಹೋದಾಕಿ ನೀ, ಅದಲ್ಲ.'

ಅಲ್ಲಿಂದ ಅದು ಪದ್ಧತಿಯಾಯಿತು. ಬಾಗಲಕೋಟೆಯಿಂದ ಬರುವ ಚಾರಣದವರು ಅಮೀನಗಡದಲ್ಲಿ ಬಸ್ಸು ಬದಲಿಸುತ್ತಿದ್ದರು. ಆ ಬಿಡುವಿನಲ್ಲಿ ಗುಡ್ಡದ ಮೇಲೆ ತಿನ್ನಲು ಕರದಂಟು ಕಟ್ಟಿಸಿಕೊಂಡು ಬರುವರು. ಜಾಲಿಗಿಡದಲ್ಲಿ ಇಳಿಯುವಾಗ ಒಬ್ಬೊಬ್ಬರೂ ಒಂದೊಂದು ಟವೆಲ್ಲು ನನ್ನ ಕೈಗೆ ಕೊಡುವರು. ಹಗಲೆಲ್ಲ ಅವು ನನ್ನ ಚೀಲದ ಪಟ್ಟಿಗೆ ಕಟ್ಟಿರುತ್ತಿದ್ದವು. ಸಂಜೆ ಬಾದಾಮಿ ಬಿಡುವ ಮುಂಚೆ ಒಂದೊಂದು ಸೀಟಿಗೆ ಹಾಸುತ್ತಿದ್ದೆ. ಚೀಲದಲ್ಲೇ ಇಟ್ಟುಕೊಳ್ಳಬಹುದಲ್ಲ, ಸೀಟು ಯಾಕೆ ಖಾಲಿ ಬಿಡಬೇಕು ಎಂದು ಹೊಸಬರು ಕೇಳಬಹುದು. ಚೀಲದಲ್ಲಿಟ್ಟರೆ ನಾನೊಬ್ಬಳೇ ನೆನಪಿಡಬೇಕು. ಸೀಟಿನ ಮೇಲೆ ಹಾಸಿದರೆ ನಿಂತವರೆಲ್ಲ ನೆನಪಿಡುತ್ತಾರೆ, ಯಾಕೆಂದರೆ ನಿಂತವರ ಕಣ್ಣು ಖಾಲಿ ಸೀಟು ಬಿಟ್ಟು ಬೇರೆ ಕಡೆ ಹೋಗುವುದಿಲ್ಲ. ಎಲ್ಲಾ ಟವೆಲ್ಲುಗಳನ್ನು ಯಜಮಾನರು ಎತ್ತಿಕೊಂಡರೆ ಗುಡ್ಡ ಖಾಲಿಯಾಯಿತು ಎಂದು ಅರ್ಥ. ಆಮೇಲೇ ನಾನು ಡಬಲ್ ಬೆಲ್ ಕೊಡುತ್ತಿದ್ದೆ.

ಶೈಲಾ ವಾರದ ರಜೆ ಬಂದಾಗಲೆಲ್ಲ ಬರುತ್ತಿದ್ದಳು. ಒಮ್ಮೆ ಬಸ್ಸು ಖಾಲಿ ಇದ್ದಾಗ ಪಕ್ಕದಲ್ಲಿ ಕೂತು ಕೇಳಿಯೇಬಿಟ್ಟೆ, ಅಲ್ಲಿ ಏನು ಸಿಗುತ್ತದೆ ಎಂದು. 'ವಾರೆಲ್ಲ ನರಳೂದು ಕೇಳ್ತೇನಿ ಅಕ್ಕಾರ. ಗುಡ್ಡದ ಮ್ಯಾಲೆ ಯಾರೂ ನರಳೂದಿಲ್ಲ' ಎಂದಳು. ಆಮೇಲೆ ನಾನು ಅವಳನ್ನು ಚೇಷ್ಟೆ ಮಾಡುವುದು ಬಿಟ್ಟೆ. ಪೂರ್ತಿ ಬಿಡಲಿಲ್ಲ, ಕಡಿಮೆ ಮಾಡಿದೆ.

ಈಗ ನಮ್ಮ ಬಸ್ಸಿನ ಮಾನ ಹೋದ ದಿನದ ಕಥೆ. ದೇಸಾಯಿ ಸರ್ ಎಂದು ಬಾಗಲಕೋಟೆಯವರು, ಇಬ್ಬರು ಗೆಳೆಯರ ಜೊತೆ ಬಂದಿದ್ದರು. ಸಂಜೆ ಇಬ್ಬರು ಇಳಿದು ಬಂದರು, ದೇಸಾಯರಿಲ್ಲ. ಫೋಟೋ ತೆಗೆಯುತ್ತ ಹಿಂದೆ ಉಳಿದರು ಎಂದರು ಗೆಳೆಯರು. ಅವರ ನೀಲಿ ಟವೆಲ್ಲು ಸೀಟಿನ ಮೇಲೆ ಹಾಗೇ ಇತ್ತು. ಗುಡ್ಡದ ಬುಡದಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಒಂದಿಷ್ಟು ಕಾದೆವು. ಮೊದಲು ನಾಲ್ಕು ಜನ ಹುಡುಕಲು ಇಳಿದರು, ಅವರನ್ನು ನೋಡಿ ಹತ್ತು ಜನ, ಆಮೇಲೆ ಬಸ್ಸಿಗೆ ಬಸ್ಸೇ ಗುಡ್ಡ ಹತ್ತಿತು. ಧೋತರ ಎತ್ತಿ ಕಟ್ಟಿದವರು, ಸೆರಗು ಸಿಕ್ಕಿಸಿದವರು, ಎಲ್ಲರೂ 'ದೇಸಾಯರ, ಓ ದೇಸಾಯರ' ಎಂದು ಕೂಗುವವರೇ. ಈ ಗದ್ದಲದಲ್ಲಿ ಐಹೊಳೆಯವನೊಬ್ಬನ ಆಡು ಬಸ್ಸಿನಿಂದ ಜಿಗಿದು ಕಲ್ಲುಗಳ ನಡುವೆ ಮಾಯವಾಯಿತು. ಅರ್ಧ ಜನ ಆಡಿನ ಹಿಂದೆ ಹೋದರು. ಗಂಗವ್ವ ಕೆಳಗೆ ಕಲ್ಲಿನ ಮೇಲೆ ಕೂತು, 'ಆಡು ಸಿಕ್ಕರೂ ಸಾಕು' ಎಂದಳು.

ಆಡು ಸಿಕ್ಕಿತು. ಅದನ್ನು ಹಿಡಿದಷ್ಟು ಎತ್ತರದಲ್ಲಿ ಸಿಗ್ನಲ್ಲೂ ಸಿಕ್ಕಿತು. ಗೆಳೆಯ ಫೋನು ಹಚ್ಚಿದರೆ ದೇಸಾಯಿ ಸರ್ ಹೇಳಿದರಂತೆ: 'ನಾ ಮಹಾಕೂಟದ ಕಡೆ ಇಳದೆ ಮಾರಾಯಾ, ಟಂಟಂ ಆಟೋ ಸಿಕ್ತು. ಕುಳಗೇರಿ ಕ್ರಾಸಿನ್ಯಾಗ ನಮ್ಮ ಬೀಗರ ಕೂಡ ಚಹಾ ಕುಡ್ಯಾಕತ್ತೇನಿ.' ಟವೆಲ್ಲು ಬಿಟ್ಟಿದ್ದೀರಲ್ಲ ಎಂದರೆ, 'ಹಳೇದದು, ಇರಲಿ ಬಿಡು' ಎಂದರಂತೆ. ಬಸ್ಸಿನವರಿಗೆ ಅದೇ ಹೆಚ್ಚು ಸಿಟ್ಟು ತರಿಸಿತು. ಟವೆಲ್ಲು ಹಾಸಿದ ಮೇಲೆ ಅದು ಬಟ್ಟೆಯಲ್ಲ, ಮಾತು. ಮಾತು ಹಳೆಯದಾಯಿತು ಎಂದು ಯಾರಾದರೂ ಬಿಟ್ಟು ಹೋಗುತ್ತಾರೆಯೇ? ಮುಂದಿನ ಸಲ ಬಂದಾಗ ದೇಸಾಯಿ ಸರ್ ಇಡೀ ಬಸ್ಸಿಗೆ ಕರದಂಟು ಹಂಚಿ ತಪ್ಪೊಪ್ಪಿಕೊಂಡರು. ಆಡಿನವನಿಗೆ ಎರಡು ತುಂಡು.

ಕರದಂಟಿಗೆ ನಮ್ಮ ಡಿಪೋದ ಸಾಹೇಬರು ಒಲಿಯಲಿಲ್ಲ. ಅವರು ಮೈಸೂರು ಕಡೆಯವರು, ಇಸ್ತ್ರಿ ಹಾಕಿದಂಥ ಮಾತು. ಬಸ್ಸು ಬಹಳ ತಡವಾಗಿ ಬಂದದ್ದಕ್ಕೆ ಮೆಮೊ ಕೊಟ್ಟು ಎದುರು ನಿಲ್ಲಿಸಿಕೊಂಡರು.

'ಮಾಳವ್ವನವರೇ, ಬಸ್ಸು ಸಾರ್ವಜನಿಕರದ್ದು. ಟವೆಲ್ಲಿನದ್ದಲ್ಲ. ಪಟ್ಟಿಯಲ್ಲಿ ಇಲ್ಲದ ಕಡೆ ಇನ್ನು ಮುಂದೆ ಬಸ್ಸು ನಿಲ್ಲಕೂಡದು. ಮತ್ತೊಮ್ಮೆ ಹೀಗಾದರೆ ನಾನು ನಿಮ್ಮನ್ನು ಅಮಾನತಿನಲ್ಲಿ ಇಡಬೇಕಾಗುತ್ತದೆ.'

ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ತಡವಾದರೆ ಅಮೀನಗಡದಲ್ಲಿ ಬಾಗಲಕೋಟೆಯ ಬಸ್ಸು ತಪ್ಪುತ್ತದೆ, ದವಾಖಾನೆಗೆ ಹೋಗುವವರು ಇರುತ್ತಾರೆ. ಮೇಲಧಿಕಾರಿ ಬಯ್ದರೆಂದು ಮುಖ ಊದಿಸಿಕೊಳ್ಳಬೇಡಿ, ಅವರು ಕೂತ ಕುರ್ಚಿಯಿಂದ ನೋಡಿದರೆ ನಮಗೆ ಕಾಣದ ಬಸ್ಸುಗಳೂ ಕಾಣುತ್ತವೆ. ಹೀಗೆ ನನಗೆ ನಾನೇ ಹೇಳಿಕೊಂಡು ಚಾರಣದವರಿಗೆಲ್ಲ ತಿಳಿಸಿದೆ: ಜಾಲಿಗಿಡ ಬಂದ್. ಪಟ್ಟದಕಲ್ಲಿನಲ್ಲಿ ಇಳಿದು ನಡೆಯಿರಿ, ಸಂಜೆಯೂ ಅಲ್ಲಿಗೇ ಬಂದು ಹತ್ತಿರಿ. ಬಹಳ ಜನ ಬರುವುದು ಬಿಟ್ಟರು. ಶೈಲಾ ಬಿಡಲಿಲ್ಲ. ಬಾದಾಮಿಯಿಂದಲೇ ಬಸ್ಸು ತುಂಬಿ ಬರುತ್ತದೆಂದು ಸೀಟಿಗಾಗಿ ಟವೆಲ್ಲು ಕೊಡುವುದನ್ನೂ ಬಿಡಲಿಲ್ಲ.

ಮಳೆಗಾಲದ ಒಂದು ಭಾನುವಾರ. ಸಂಜೆ ಮೋಡ ಕವಿದು ಹೊತ್ತಿಗೆ ಮುಂಚೆಯೇ ಮಬ್ಬಾಗಿತ್ತು. ಬಾದಾಮಿ ಬಿಟ್ಟು, ಜಾಲಿಗಿಡವನ್ನು ನಿಯಮದಂತೆ ದಾಟಿ, ಪಟ್ಟದಕಲ್ಲಿಗೆ ಬಂದೆವು. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು. ಶೈಲಾ ಬರಲಿಲ್ಲ. ಕೆಂಪಂಚಿನ ಟವೆಲ್ಲು ಸೀಟಿನ ಮೇಲೆ ಹಾಗೇ ಇತ್ತು. ಮಹಾಂತಣ್ಣ ಕೆಳಗಿಳಿದು ರಸ್ತೆಯುದ್ದಕ್ಕೂ ನೋಡಿ ಬಂದ. ಯಾರೂ ಇಲ್ಲ.

ಇಳಿಯಬೇಕಾಗಿದ್ದ ಗಂಗವ್ವ ತನ್ನ ಗಡಿಗೆ ಹಿಡಿದುಕೊಂಡು ಕೂತೇ ಇದ್ದಳು.

'ಆಯಿ, ನಿನ್ನ ಊರು ಬಂತು' ಎಂದೆ.

'ಟವೆಲ್ ಹಂಗ ಐತಿ. ನಾ ಇಳ್ಯಾಂಗಿಲ್ಲ.'

'ಆಕೀನೂ ದೇಸಾಯರಂಗ ಆ ಕಡೆ ಇಳದು ಹೋಗಿದ್ರ?' ಎಂದು ಹಿಂದಿನಿಂದ ಒಬ್ಬ ಕೇಳಿದ.

'ಆಕಿ ಟವೆಲ್ ಬಿಟ್ಟು ಹೋಗಾಕಿ ಅಲ್ಲ' ಎಂದಳು ಗಂಗವ್ವ.

ಅದು ಖರೆ. ನನಗೂ ಅದು ಗೊತ್ತಿತ್ತು. ನಿಲ್ಲಬಾರದ ಕಡೆ ನಿಲ್ಲುವುದೇ ತಪ್ಪಾದರೆ, ಬಂದ ದಾರಿಯಲ್ಲಿ ಬಸ್ಸು ತಿರುಗಿಸುವುದಕ್ಕೆ ಏನೆನ್ನಬೇಕು? ಮಹಾಂತಣ್ಣ ಸೀಟಿನಲ್ಲಿ ಕೂತು ಕನ್ನಡಿಯಲ್ಲಿ ನನ್ನ ಮುಖ ನೋಡಿದ.

'ಮಾಳವ್ವ, ಬೆಲ್ ಹೊಡೆಯಾಕಿ ನೀ. ಯಾ ಕಡೆ ಹೋಗೂನು ಹೇಳು' ಎಂದ.

ನಾನು ಪ್ರಯಾಣಿಕರ ಕಡೆ ತಿರುಗಿದೆ. ಬಾಗಲಕೋಟೆಗೆ ಹೋಗುವವರು ಒಂದು ಮನೆಯ ಮಂದಿಯಷ್ಟಿದ್ದರು. ಅವರಿಗೆ ಅಮೀನಗಡದ ಬಸ್ಸು ತಪ್ಪಿದರೆ ರಾತ್ರಿಯೆಲ್ಲ ಅಲ್ಲೇ. ಅವರಲ್ಲಿ ಹಿರಿಯನೊಬ್ಬ, 'ನಮ್ಮನ್ನ ನೋಡಬ್ಯಾಡವಾ. ಗುಡ್ಡದಾಗ ಇದ್ದಾಕೀನ ನೋಡು' ಎಂದ. ಆತನ ಹೆಸರು ನಾನು ಕೇಳಲಿಲ್ಲ, ಇವತ್ತಿಗೂ ಗೊತ್ತಿಲ್ಲ. ಆತ ಎಲ್ಲಿದ್ದರೂ ತಣ್ಣಗಿರಲಿ.

'ತಿರಗಸಣ್ಣಾ' ಎಂದೆ.

ಜಾಲಿಗಿಡದ ಹತ್ತಿರ ಎಂಜಿನ್ ನಿಲ್ಲಿಸಿದ ಮೇಲೆ ಗಂಗವ್ವ ಗಡಿಗೆ ಬಡಿದಳು, ಮಹಾಂತಣ್ಣ ಹಾರ್ನ್ ಒತ್ತಿದ. ಕುರಿಗೂ ಒತ್ತದವನು ಅವತ್ತು ಕೈ ತೆಗೆಯಲೇ ಇಲ್ಲ. ಮೇಲಿನಿಂದ ಸಣ್ಣಗೆ ಒಂದು ಕೂಗು ಬಂತು. ಗಟ್ಟಿಯಾದ ಹುಡುಗರು ಫೋನಿನ ಬೆಳಕು ಹಿಡಿದು ಹತ್ತಿದರು. ಬಸ್ಸಿನಲ್ಲಿ ನಮ್ಮ ಪೈಕಿ ಕುರಿಯವರಿಬ್ಬರಿದ್ದರು, ತಮ್ಮ ಕಂಬಳಿ ತೆಗೆದುಕೊಂಡು ಅವರೂ ಹೋದರು. ಕಂಬಳಿಯ ನಾಲ್ಕು ಮೂಲೆ ನಾಲ್ಕು ಜನ ಹಿಡಿದು ಶೈಲಾಳನ್ನು ಇಳಿಸಿ ತಂದರು. ಒದ್ದೆ ಬಂಡೆಯ ಮೇಲೆ ಕಾಲು ಜಾರಿ ಮೊಣಕಾಲಿನ ಕೆಳಗೆ ಎಲುಬು ಮುರಿದಿತ್ತು. ಎರಡು ಕಟ್ಟಿಗೆ ಇಟ್ಟು ದುಪಟ್ಟಾದಿಂದ ತಾನೇ ಕಟ್ಟು ಕಟ್ಟಿಕೊಂಡಿದ್ದಳು.

ಅವಳ ಸೀಟು ಖಾಲಿಯೇ ಇತ್ತು. ಪಕ್ಕದವರೂ ಎದ್ದು ಕಾಲು ಚಾಚಲು ಜಾಗ ಮಾಡಿದರು. ನಾನು ಅವಳ ತಲೆ ನನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಇಳಕಲ್ಲಿನ ದವಾಖಾನೆಗೆ ಹೋಗುವ ದಾರಿಯಲ್ಲಿ ಅವಳು ಹೇಳಿದ ಮಾತು ಇದು:

'ಬಸ್ ಹೋಗಿದ್ದು ಕೇಳಿಸ್ತು ಅಕ್ಕಾರ. ಸಪ್ಪಳ ಸಣ್ಣಾಕೋತ ಹೋಗಿ ನಿಂತೇ ಬಿಡ್ತು. ಆವಾಗೂ ನಾ ಅಳಲಿಲ್ಲ. ಆಮ್ಯಾಲೆ ಅದ ಸಪ್ಪಳ ತಿರಗಿ ಬಂತಲ್ಲ, ಆವಾಗ ಅತ್ತೆ.'

ಅಮೀನಗಡದಲ್ಲಿ ಬಾಗಲಕೋಟೆಯ ಬಸ್ಸು ಕಾಯುತ್ತ ನಿಂತಿತ್ತು. ಐಹೊಳೆಯಲ್ಲಿ ಸಿಗ್ನಲ್ ಬಂದ ಕೂಡಲೇ ಯಾರೋ ಫೋನು ಮಾಡಿದ್ದರು. ಅದರ ಡ್ರೈವರ್ ಬಾಗಿಲಲ್ಲಿ ನಿಂತು, 'ಸಿಕ್ಕಳೇನು?' ಎಂದಷ್ಟೇ ಕೇಳಿದ.

ಮರುದಿನ ಸಾಹೇಬರ ಎದುರು ನಾನೂ ಮಹಾಂತಣ್ಣನೂ ನಿಂತೆವು. ಬಸ್ಸನ್ನು ಹಿಂದಕ್ಕೆ ತಿರುಗಿಸಲು ಹೇಳಿದವರು ಯಾರು ಎಂದು ಕೇಳಿದರು. 'ನಾನ್ರಿ' ಎಂದೆ. ಮಹಾಂತಣ್ಣ, 'ಸ್ಟೇರಿಂಗ್ ನನ್ನ ಕೈಯಾಗ ಇತ್ರಿ' ಎಂದ. ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. 'ಆ ಹುಡುಗಿ ಹೇಗಿದ್ದಾಳೆ?' ಎಂದರು. ಆಪರೇಷನ್ ಆಗಿದೆ, ನಡೆಯುತ್ತಾಳೆ ಎಂದಿದ್ದಾರೆ ಎಂದೆ. 'ಹೋಗಿ, ಡ್ಯೂಟಿಗೆ ಹೊತ್ತಾಯಿತು' ಎಂದರು. ಅಮಾನತು ಆಗಲಿಲ್ಲ. ಆದರೆ ಇಬ್ಬರ ಇಂಕ್ರಿಮೆಂಟೂ ಒಂದೊಂದು ತಪ್ಪಿತು. ನಿಯಮ ನಿಯಮವೇ.

ಮುಂದಿನ ತಿಂಗಳು ವೇಳಾಪಟ್ಟಿ ಬದಲಾಗಿ ಬಂತು. ಸಂಜೆ ನಮ್ಮ ಬಸ್ಸು ಬಾದಾಮಿಯನ್ನು ಹತ್ತು ನಿಮಿಷ ಮುಂಚೆ ಬಿಡಬೇಕು, ಪಟ್ಟದಕಲ್ಲಿಗೆ ಮೊದಲಿನ ಹೊತ್ತಿಗೇ ಮುಟ್ಟಬೇಕು. ಕಾರಣ ಬರೆದಿರಲಿಲ್ಲ. ಬಾದಾಮಿಗೂ ಪಟ್ಟದಕಲ್ಲಿಗೂ ನಡುವೆ ಬಸ್ಸು ಆ ಹತ್ತು ನಿಮಿಷ ಏನು ಮಾಡಬೇಕು ಎಂದು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಸಾಹೇಬರು ವರ್ಗವಾಗಿ ಹೋಗುವಾಗ ಕೈಮುಗಿದೆ. 'ಸಮಯಕ್ಕೆ ಸರಿಯಾಗಿ ಬಸ್ಸು ಓಡಿಸಿ' ಎಂದರು. ಅವರಿಗೆ ನಾನು ಜನ್ಮವಿಡೀ ಋಣಿ.

ಶೈಲಾ ವರ್ಷ ಕಳೆಯುವುದರೊಳಗೆ ಮತ್ತೆ ಬಂದಳು, ಸ್ವಲ್ಪ ಕುಂಟುತ್ತ, ಅದೇ ಟವೆಲ್ಲು ಹಿಡಿದು.

ಆಮೇಲೆ ಕಾಲ ಓಡಿತು. ಹರಿಯುವ ಟಿಕೆಟ್ ಹೋಗಿ ಮಷೀನು ಬಂತು. ಜಾಲಿಗಿಡ ಎಂದರೆ ಮಷೀನಿಗೆ ತಿಳಿಯದು, ಬಾದಾಮಿಗೇ ಟಿಕೆಟ್ ಕೊಡಬೇಕು. ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತವಾದ ಮೇಲೆ ಗುಡ್ಡಕ್ಕೆ ಬರುವ ಹುಡುಗಿಯರು ಹೆಚ್ಚಿದರು, ನನ್ನ ಬಾಯಲ್ಲಿ 'ಆಧಾರ್ ತೋರಸ್ರಿ' ಎಂಬ ಮಾತೂ ಹೆಚ್ಚಿತು. ಬಸ್ಸು ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು ಎಂದು ಆಫೀಸಿನಲ್ಲಿ ಕೂತೇ ನೋಡುವ ಯಂತ್ರವೂ ಬಂತು. ಮಹಾಂತಣ್ಣ ನನಗಿಂತ ಮುಂಚೆ ಇಳಿದ. ಗಂಗವ್ವ ತೀರಿಕೊಂಡಳು. ಅವಳ ಗಡಿಗೆ ಈಗ ಸೊಸೆಯ ಕೈಯಲ್ಲಿದೆ.

ಇಲ್ಲಿಯವರೆಗೆ ಬರೆದಿಟ್ಟು, ಕೊನೆಗೆ ರೇಣುಕಾಳಿಗೆ ನಾಲ್ಕು ಬುದ್ಧಿಮಾತು ಸೇರಿಸಬೇಕು ಎಂದುಕೊಂಡಿದ್ದೆ. ಆದರೆ ಮನಸ್ಸು ತಡೆಯಲಿಲ್ಲ. ಹೋದ ಭಾನುವಾರ ನಾನೇ ಒಂದು ಟವೆಲ್ಲು ತೆಗೆದುಕೊಂಡು ಇಳಕಲ್ಲಿನಲ್ಲಿ ಬಸ್ಸು ಹತ್ತಿದೆ. ರೇಣುಕಾ ನಮಸ್ಕಾರ ಹೇಳಿ ಮುಂದೆ ಹೋದಳು, ಬಸ್ಸು ಗಿಜಿಗುಡುತ್ತಿತ್ತು. ಜಾಲಿಗಿಡದಲ್ಲಿ ಇಳಿಯುವಾಗ ಟವೆಲ್ಲು ಸೀಟಿನ ಮೇಲೆ ಹಾಸಿದೆ, ಬಾಯಿಬಿಟ್ಟು ಏನೂ ಹೇಳಲಿಲ್ಲ. ಅವಳು ಮಷೀನು ನೋಡುತ್ತಿದ್ದಳು.

ಗುಡ್ಡ ತಪ್ಪುತ್ತದೆ ಎಂದು ನೌಕರಿಗೆ ಸೇರಿದವಳು ನೌಕರಿ ಮುಗಿದ ಮೇಲೆ ಗುಡ್ಡ ಹತ್ತಿದೆ. ಮೊಣಕಾಲು ಹತ್ತುವಾಗಲೂ ಬಯ್ಯಿತು, ಇಳಿಯುವಾಗಲೂ ಬಯ್ಯಿತು. ಮೇಲೆ ಗಾಳಿ ಚೆನ್ನಾಗಿತ್ತು. ಕಾಲೇಜಿನವರಂತೆ ಕಾಣುವ ಇಬ್ಬರು ಹುಡುಗಿಯರು ಫೋಟೋ ತೆಗೆದುಕೊಳ್ಳುತ್ತಿದ್ದರು. ಬಂಡೆಯ ಮೇಲೆ ಕೂತು ಕರದಂಟು ತಿಂದೆ. ಕೆಳಗೆ ನಮ್ಮ ರಸ್ತೆ ಸಣ್ಣದಾಗಿ ಕಾಣುತ್ತಿತ್ತು. ಯಾರೂ ನರಳುತ್ತಿರಲಿಲ್ಲ. ಶೈಲಾ ಹೇಳಿದ್ದು ನಿಜ ಎಂದುಕೊಂಡೆ.

ಇಳಿಯುವುದು ತಡವಾಯಿತು. ಬೇಕೆಂದು ಮಾಡಿದ್ದಲ್ಲ, ಮೊಣಕಾಲಿನ ಕೆಲಸ. ಇನ್ನೂ ಬಹಳ ಮೇಲಿರುವಾಗಲೇ ಬಾದಾಮಿಯ ಕಡೆಯಿಂದ ಬಸ್ಸಿನ ಸಪ್ಪಳ ಕೇಳಿತು. ಕೈ ಬೀಸಿದರೆ ಕಾಣುವಷ್ಟು ಹತ್ತಿರ ನಾನಿರಲಿಲ್ಲ. ಸಪ್ಪಳ ಹತ್ತಿರ ಬಂತು. ಇನ್ನು ಅದು ಸಣ್ಣಾಗುತ್ತ ಹೋಗುತ್ತದೆ ಎಂದು ಕಿವಿಗೊಟ್ಟು ನಿಂತೆ. ಸಣ್ಣಾಗಲಿಲ್ಲ. ಎಂಜಿನ್ ನಿಂತಿತು.

ಕೆಳಗೆ ಬಂದಾಗ ಬಸ್ಸು ಬಾಗಿಲವರೆಗೂ ತುಂಬಿತ್ತು. ನನ್ನ ಸೀಟಿನ ಪಕ್ಕದಲ್ಲಿ ಮೂಟೆ ಹೊತ್ತವನೊಬ್ಬ, ಕೋಲು ಹಿಡಿದ ಮುದುಕನೊಬ್ಬ ನಿಂತಿದ್ದರು. ಸೀಟಿನ ಮೇಲೆ ನನ್ನ ಟವೆಲ್ಲು ಮಾತ್ರ ಕೂತಿತ್ತು.

'ಬರ್ರಿ ಅಕ್ಕಾರ, ಆಧಾರ್ ತೋರಸ್ರಿ' ಎಂದಳು ರೇಣುಕಾ.

ಚೀಲ ತಡಕಾಡಿ ಕಾರ್ಡು ತೋರಿಸಿದೆ. 'ನಾ ಹೇಳಿದ್ದು ನೆಪ್ಪಿಟ್ಟಿ ನೋಡವಾ' ಎಂದೆ.

ಅವಳು ನಕ್ಕಳು. 'ಖರೆ ಹೇಳ್ಲೇನ್ರಿ? ನನಗ ನೆಪ್ಪಿರಲಿಲ್ಲ. ಮೊದಲನೇ ವಾರನ ನಿಂತ ಮಂದಿ ಬಸ್ ಮುಂದ ಬಿಡಲಿಲ್ಲ. ಟವೆಲ್ ಐತಿ, ಹೆಂಗ ಹೋಗ್ತೀ ಅಂದ್ರು.'

ಕೋಲಿನ ಮುದುಕನನ್ನು ಪಕ್ಕಕ್ಕೆ ಕರೆದು, ಸರಿದು ಜಾಗ ಕೊಟ್ಟೆ. ಕೂತೆವು. ಬಸ್ಸು ಹೊರಡಲಿಲ್ಲ. ಕಾಲು ನೋಯುತ್ತಿತ್ತು, ಹಸಿವೂ ಆಗಿತ್ತು.

'ನಡೀರಿ ಮತ್ತ. ಇನ್ನೂ ಯಾಕ ನಿಂತೀರಿ?' ಎಂದೆ.

ನಿಂತವರೆಲ್ಲ ನನ್ನ ಕಡೆ ತಿರುಗಿದರು. ಗಂಗವ್ವನ ಸೊಸೆ ಗಡಿಗೆಯ ಮೇಲೆ ಕೈಯಿಟ್ಟು ಹಿಂದಿನ ಸೀಟು ತೋರಿಸಿದಳು.

'ಇನ್ನೂ ಎರಡು ಟವೆಲ್ ಅದಾವ್ರಿ' ಎಂದಳು.

ಕಿಟಕಿಯ ಗಾಜು ಸರಿಸಿ, ಬಸ್ಸಿನವರೆಲ್ಲ ನೋಡುತ್ತಿದ್ದ ಕಡೆಗೇ ನಾನೂ ನೋಡುತ್ತ ಕೂತೆ.